ಪೂರ್ತಿ ಕೇಳಿ ಮಾರಾಯ್ರೇ

ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ 'ಬೊಹೀಮಿಯನ್ ರಾಪ್ಸೋಡಿ' 1975ರ ಹಾಡು. ಉದ್ದ ಹೆಚ್ಚುಕಮ್ಮಿ ಆರು ನಿಮಿಷ. ಅದನ್ನು ಪಿಯಾನೊದಲ್ಲಿ ನುಡಿಸಿ, ಮನೆಯಲ್ಲೇ ರೆಕಾರ್ಡ್ ಮಾಡಿ, ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅರ್ಧ ನಿಮಿಷದೊಳಗೆ ಹೆಬ್ಬೆರಳುಗಳ ಸಾಲು! ಇಷ್ಟು ಬೇಗ ಕೇಳಿ ಮುಗಿಸುವುದು ಹೇಗೆ ಅಂತ ನನಗೂ ಯಾರಾದರೂ ಹೇಳಿಕೊಡಿ.

ಚಿಕ್ಕಮಗಳೂರಿನ ಜುಲೈ ತಿಂಗಳಲ್ಲಿ ರೆಕಾರ್ಡ್ ಮಾಡುವುದೇ ಒಂದು ತಪಸ್ಸು. ಹಿತ್ತಿಲ ಶೀಟಿನ ಮೇಲೆ ಮಳೆ ಬಡಿಯುತ್ತಿದ್ದರೆ ಫೋನಿಗೆ ಬೇರೇನೂ ಕೇಳಿಸುವುದಿಲ್ಲ. ಮಳೆ ಬಿಟ್ಟಿತು ಅಂತ ಕೂತರೆ ಕರೆಂಟ್ ಇಲ್ಲ. ಎರಡೂ ಕೂಡಿಬಂದ ದಿನ ಅಡುಗೆಮನೆಯಲ್ಲಿ ಕುಕ್ಕರ್. ಮೂರು ನಿಮಿಷ ಕಳೆದು ಒಪೆರಾ ಭಾಗ, ಅಂದರೆ ಸಂಗೀತ ನಾಟಕದ ಹಾಗೆ ಹಲವು ದನಿ ಸೇರಿ ಹಾಡುವ ಭಾಗ ಶುರುವಾಗುತ್ತದಲ್ಲ, ಸರಿಯಾಗಿ ಅಲ್ಲೇ ಸೀಟಿ ಹೊಡೆಯಿತು. ಮತ್ತೆ ಮೊದಲಿಂದ ನುಡಿಸಲು ಕೈ ಬರಲಿಲ್ಲ, ಹಾಗೇ ಬಿಟ್ಟೆ.

ಈ ಹಾಡಿನ ಮಜಾ ಇರುವುದೇ ಅಲ್ಲಿಂದ ಮುಂದೆ. ಮೊದಲು ಮೆಲ್ಲಗೆ ಹೋಗುತ್ತದೆ. ಆಮೇಲೆ ಒಪೆರಾ, ಅದು ಮುಗಿಯುತ್ತಿದ್ದಂತೆ ಜೋರು ಗಿಟಾರ್. ಅಷ್ಟನ್ನೂ ಎರಡೇ ಕೈಯಲ್ಲಿ ಎಳೆಯಬೇಕು. ಬೆರಳು ನೋಯಿಸಿಕೊಂಡು ಕಲಿತದ್ದೂ ಅದನ್ನೇ. ಅಷ್ಟು ಹೊತ್ತಿಗೆ ಇವರೆಲ್ಲ ಎದ್ದು ಹೋಗಿರುತ್ತಾರೆ.

ದೊಡ್ಡಪ್ಪನ ಮೆಸೇಜ್: "ಯಾವ ಪಿಚ್ಚರ್ ಹಾಡೋ ಇದು?" ಭಾವ ಹೇಳಿದ್ದು: "ಸೂಪರ್, ಒಂದು ರಾಜ್‌ಕುಮಾರ್ ಹಾಡು ನುಡಿಸು." ನುಡಿಸೋಣ, ಅದಕ್ಕೇನಂತೆ. ಮೊದಲು ಇದನ್ನು ಕೇಳಬಾರದಾ? ಚಿಕ್ಕಪ್ಪ ಅದರ ಕೆಳಗೇ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕಿದರು. ಮುಗೀತು.

ರಾತ್ರಿ ಅತ್ತೆ ಫೋನ್ ಮಾಡಿ, "ಮಧ್ಯ ಕುಕ್ಕರ್ ಕೂಗ್ತಲ್ಲ, ಏನಡುಗೆ ಅವತ್ತು?" ಅಂದರು. ಅಂತೂ ಒಬ್ಬರು ಮೂರು ನಿಮಿಷ ದಾಟಿದ್ದಾರೆ.