ಎಕ್ಸಿಲರೇಟರ್ ಒತ್ತಿದಷ್ಟೂ ಕುಂಯ್ ಕುಂಯ್

ಕಲಬುರಗಿಯಿಂದ ಹುಮನಾಬಾದ್ ಕಡೆ ಕಾರು ಬಿಟ್ಟರೆ ಸಾಕು, ಸ್ಟೀರಿಯೋ ಹಾಡಿನ ಹಿಂದೆ ಕುಂಯ್ ಅಂತ ಇನ್ನೊಂದು ರಾಗ ಶುರು. ಎಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. ಇಂಜಿನ್ ಆಫ್ ಮಾಡಿದರೆ ಗಪ್‌ಚುಪ್. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸದ್ದು ಅಂತ ಇಷ್ಟಕ್ಕೇ ಗೊತ್ತಾಗಬೇಕು, ಅಲ್ವಾ? ಸ್ಟೀರಿಯೋ ಫಿಟ್ ಮಾಡಿದವರು ಮಾತ್ರ "ಸ್ಪೀಕರ್ ಚೇಂಜ್ ಮಾಡ್ರಿ ಸರ್" ಅನ್ನುತ್ತಾರೆ. ಸ್ಪೀಕರ್ ಏನು ಪಾಪ ಮಾಡಿದೆ?

ಆಂಪ್ಲಿಫೈಯರ್‌ನ ಅರ್ಥ್ ವೈರನ್ನು ಕಾರಿನ ಬಾಡಿಯ ಬಣ್ಣದ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಬಣ್ಣ ಕೆರೆದು ಬರಿ ಲೋಹಕ್ಕೆ ಕೂರಿಸಲು ಎಷ್ಟು ಹೊತ್ತು ಬೇಕು? ಮೇಲಾಗಿ ಬ್ಯಾಟರಿ ವೈರು, ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲು ಎರಡನ್ನೂ ಒಂದೇ ಟೇಪಿನಲ್ಲಿ ಸುತ್ತಿ ಎಳೆದಿದ್ದಾರೆ! ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ ಹೋಗಬೇಕಿತ್ತು. ಈಗ ಸದ್ದು ತಡೆಯುವ ಫಿಲ್ಟರ್ ಹಾಕುತ್ತಾರಂತೆ, ದುಡ್ಡು ಬೇರೆ. ಮೊದಲು ಅರ್ಥ್ ಸರಿ ಮಾಡ್ರಪ್ಪಾ! ಈ ಬಿಸಿಲಿಗೆ ಕಿಟಕಿ ಇಳಿಸಿ ಗಾಳಿ ಸದ್ದಿನಲ್ಲಿ ಆ ಕುಂಯ್ ರಾಗವನ್ನು ಮುಚ್ಚುವ ಹಾಗೂ ಇಲ್ಲ.