ಕಿಟ್ ಕಾರ್ ಕಟ್ಟುವವರೇ, ಚಕ್ರದ ಲೆಕ್ಕ ಮೊದಲು ಹಾಕಿ

ಬಿಡಿಭಾಗಗಳ ಕಿಟ್ ತಂದು ನಾವೇ ಜೋಡಿಸಿಕೊಳ್ಳುವ ಕಾರೇ ಕಿಟ್ ಕಾರ್. ಅದನ್ನು ಕಟ್ಟುವವರಲ್ಲಿ ಒಂದು ರೂಢಿ ಇದೆ. ಚಾಸಿ ನಿಲ್ಲುತ್ತದೆ, ಎಂಜಿನ್ ಕೂರುತ್ತದೆ, ಸಸ್ಪೆನ್ಷನ್ ಜೋಡಣೆ ಮುಗಿಯುತ್ತದೆ, ಹೊರಮೈಗೆ ಬಣ್ಣವೂ ಆಗುತ್ತದೆ. ಆಮೇಲೆ ಚಕ್ರ ಹುಡುಕಲು ಹೊರಡುತ್ತಾರೆ. ಮನಸ್ಸಿಗೆ ಹಿಡಿಸಿದ ವೀಲ್ ಹಬ್‌ಗೆ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ) ಕೂರುವುದಿಲ್ಲ. ಕೂತರೆ ಮಡ್‌ಗಾರ್ಡ್‌ಗೆ ತಾಗುತ್ತದೆ. ತಾಗದಿದ್ದರೆ ಬ್ರೇಕ್ ಕ್ಯಾಲಿಪರ್ ಅಡ್ಡ ಬರುತ್ತದೆ. ಕೊನೆಗೆ ಸ್ಪೇಸರ್, ಅಡಾಪ್ಟರ್ ಅಂತ ತೇಪೆ ಹಾಕುವ ಕೆಲಸ ಶುರುವಾಗುತ್ತದೆ. ಇದನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಇದಷ್ಟನ್ನೂ ಮೊದಲೇ ತಪ್ಪಿಸಬಹುದಿತ್ತು.

ಡೋನರ್ ಕಾರು, ಅಂದರೆ ಭಾಗಗಳನ್ನು ಕಳಚಿಕೊಳ್ಳುವ ಕಾರು, ಯಾವುದು ಅಂತ ನಿರ್ಧರಿಸುವ ದಿನವೇ ಚಕ್ರವನ್ನೂ ನಿರ್ಧರಿಸಿ. ಡೋನರ್‌ನ ಹಬ್ ತಂದಾಗ ಅದರ ಜೊತೆಗೆ ಸ್ಟಡ್‌ಗಳ (ನಟ್ ಹಾಕುವ ಥ್ರೆಡ್ ಕಡ್ಡಿಗಳ) ಸಂಖ್ಯೆ, ಅವು ಕೂತಿರುವ ವೃತ್ತದ ಅಳತೆ, ನಡುವಿನ ಬೋರ್ (ವೀಲ್‌ನ ನಡುತೂತು ಕೂರುವ ಅಳತೆ), ಸ್ಟಡ್‌ನ ಥ್ರೆಡ್ ಎಲ್ಲವೂ ಬಂದುಬಿಡುತ್ತದೆ. ಕಾರ್ಖಾನೆಯ ಕಾರಿನಲ್ಲಿ ಇವುಗಳನ್ನೆಲ್ಲ ಒಂದಕ್ಕೊಂದು ಹೊಂದಿಸಲು ಎಂಜಿನಿಯರ್‌ಗಳ ತಂಡವೇ ಇರುತ್ತದೆ. ಕಿಟ್ ಕಾರಿನಲ್ಲಿ ಆ ಕೆಲಸ ನಿಮ್ಮದು.

ಆ ವೃತ್ತದ ವ್ಯಾಸವನ್ನೇ ಪಿಸಿಡಿ ಅನ್ನುತ್ತೇವೆ. ಹಳೆಯ ಫೋರ್ಡ್ ಎಸ್ಕಾರ್ಟ್, ಕಾರ್ಟೀನಾ, ನಾಲ್ಕು ಸ್ಟಡ್‌ನ ಸಿಯೆರಾ ಎಲ್ಲವೂ 4×108, ಅಂದರೆ ನಾಲ್ಕು ಸ್ಟಡ್, 108 ಮಿಲಿಮೀಟರ್ ಪಿಸಿಡಿ. ಲೋಟಸ್ ಸೆವೆನ್ ಅನ್ನುವ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯ ಎಷ್ಟೋ ಕಿಟ್‌ಗಳು ಈ ಫೋರ್ಡ್ ಭಾಗಗಳ ಮೇಲೆಯೇ ನಿಂತಿವೆ. ಮಾಜ್ದಾ ಎಂಎಕ್ಸ್-5 ಡೋನರ್ ಆದರೆ ಮೊದಲ ಎರಡು ತಲೆಮಾರು 4×100. 2005ರಲ್ಲಿ ಬಂದ ಮೂರನೇ ತಲೆಮಾರು 5×114.3. ನಾಲ್ಕನೆಯದು ಮತ್ತೆ 4×100. ಕಾರಿನ ಹೆಸರು ಒಂದೇ, ಚಕ್ರ ಬೇರೆ! ಫೋಕ್ಸ್‌ವ್ಯಾಗನ್ ಬೀಟಲ್‌ನ ಕಥೆಯೂ ಹಾಗೆಯೇ. 1964ರ ಮೇಯರ್ಸ್ ಮ್ಯಾಂಕ್ಸ್‌ನಿಂದ ಹಿಡಿದು ಎಷ್ಟೋ ಬಗ್ಗಿಗಳಿಗೆ (ಮರಳಿನ ಮೇಲೆ ಓಡಿಸುವ ತೆರೆದ ಕಾರುಗಳಿಗೆ) ಬೀಟಲ್ಲೇ ಆಧಾರ. ಅದರ ಹಳೆಯ ಹಬ್ 5×205, ಆಮೇಲಿನದು 4×130. ಹಾಗಾಗಿ ಮಾದರಿಯ ಹೆಸರು ನೋಡಿ ವೀಲ್ ಕೊಳ್ಳಬೇಡಿ. ವರ್ಷ ನೋಡಿ. ಅದಕ್ಕಿಂತ ಒಳ್ಳೆಯದು, ನೀವೇ ಅಳೆಯಿರಿ.

ಅಳೆಯುವುದು ಕಷ್ಟವಲ್ಲ, ಆದರೆ ಟೇಪ್ ಹಿಡಿದು ಮಾಡುವ ಕೆಲಸವೂ ಅಲ್ಲ. ವರ್ನಿಯರ್ ಬೇಕು. ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿನ ಖಾಲಿ ಜಾಗ ಅಳೆದು, ಅದಕ್ಕೆ ಒಂದು ಸ್ಟಡ್‌ನ ದಪ್ಪ ಸೇರಿಸಿ. ಅದು ಮಧ್ಯದಿಂದ ಮಧ್ಯಕ್ಕೆ ಇರುವ ದೂರ. ನಾಲ್ಕು ಸ್ಟಡ್ ಆದರೆ ಅದನ್ನು 1.414ರಿಂದ ಗುಣಿಸಿ, ಐದು ಆದರೆ 1.701ರಿಂದ. ಪಿಸಿಡಿ ಸಿಕ್ಕಿತು. ಐದು ಸ್ಟಡ್‌ನ ಹಬ್‌ನಲ್ಲಿ ಈ ದೂರ 67.2 ಮಿಲಿಮೀಟರ್ ಬಂದರೆ ಅದು 114.3. 65.8 ಬಂದರೆ ಅದು 112. ಒಂದೂವರೆ ಮಿಲಿಮೀಟರ್‌ಗಿಂತ ಕಡಿಮೆ ವ್ಯತ್ಯಾಸ, ಅಲ್ವಾ? ಇನ್ನೂ ಸೂಕ್ಷ್ಮವಾದದ್ದು ಕೋಬ್ರಾ ಮಾದರಿಯ ಕಾರುಗಳಲ್ಲಿ ಸಿಗುತ್ತದೆ. ಅವುಗಳಲ್ಲಿ ಎಷ್ಟೋ ಕಡೆ ಹಳೆಯ ಜಾಗ್ವಾರ್ ಎಕ್ಸ್‌ಜೆಯ ಹಿಂದಿನ ಆಕ್ಸಲ್ ಬಳಸುತ್ತಾರೆ. ಅದರ ಪಿಸಿಡಿ 120.65, ಅಂದರೆ ಸರಿಯಾಗಿ ನಾಲ್ಕೂಮುಕ್ಕಾಲು ಇಂಚು. ಬಿಎಂಡಬ್ಲ್ಯೂ ಚಕ್ರಗಳಲ್ಲಿ ತುಂಬಾ ಕಾಣುವುದು 120. ಪಕ್ಕದ ಸ್ಟಡ್‌ಗಳ ನಡುವೆ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ವೀಲ್ ಒಳಗೆ ಹೋಗುತ್ತದೆ, ನಟ್ ಬಿಗಿಯಾಗುತ್ತದೆ, "ಸರಿಹೋಯ್ತಲ್ಲ" ಅನ್ನಿಸುತ್ತದೆ.

ಹೀಗೆ ಸರಿಹೋದಂತೆ ಕಾಣುವುದೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ವಿಷಯ. ಸ್ವಲ್ಪವೂ ಹೊಂದದ ವೀಲ್ ಯಾರನ್ನೂ ಕೊಲ್ಲುವುದಿಲ್ಲ, ಅದು ಕೂರುವುದೇ ಇಲ್ಲ. ಕೂದಲೆಳೆಯಷ್ಟು ತಪ್ಪಿದ್ದು ಅಪಾಯ. 4×98ರ ಫಿಯಟ್ ವೀಲ್ ಅನ್ನು 4×100ರ ಹಬ್‌ಗೆ ಹಾಕಿದರೆ ಪ್ರತಿ ಸ್ಟಡ್ ಒಂದು ಮಿಲಿಮೀಟರ್ ಆಚೆ ಇರುತ್ತದೆ. ನಟ್‌ನ ಓರೆ ಮುಖ ವೀಲ್‌ನ ಗುಳಿಯಲ್ಲಿ ಸುತ್ತಲೂ ಕೂರಬೇಕು. ಇಲ್ಲಿ ಒಂದು ಬದಿ ಮಾತ್ರ ಕೂರುತ್ತದೆ. ನಿಗದಿತ ಬಿಗಿತ ತೋರಿಸುವ ಪಾನಾ, ಟಾರ್ಕ್ ರೆಂಚ್, ಮಾತ್ರ ಎಂದಿನಂತೆ ಕ್ಲಿಕ್ ಅನ್ನುತ್ತದೆ. ಆದರೆ ಆ ಬಿಗಿತದ ಒಂದು ಪಾಲು ಸ್ಟಡ್ ಅನ್ನು ಬಗ್ಗಿಸಲು ಹೋಗಿರುತ್ತದೆ, ವೀಲ್ ಅನ್ನು ಹಬ್‌ಗೆ ಒತ್ತಲು ಅಲ್ಲ. ಚಕ್ರ ಒಂದೊಂದು ಸುತ್ತು ಹಾಕಿದಾಗಲೂ ಬಗ್ಗಿದ ಸ್ಟಡ್ ಮತ್ತೆ ಮತ್ತೆ ಜಗ್ಗುತ್ತದೆ, ಲೋಹ ದಣಿಯುತ್ತದೆ, ಬಿರುಕು ಬಿಡುತ್ತದೆ.

ಇದನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಚಕ್ರ ನೆಲದಿಂದ ಮೇಲಿರಲಿ. ಪಾನಾ ಮುಟ್ಟಬೇಡಿ. ಎಲ್ಲ ನಟ್‌ಗಳನ್ನೂ ಬೆರಳಿನಲ್ಲಿ ತಿರುಗಿಸುತ್ತಾ, ಎದುರುಬದುರಾಗಿ, ಗುಳಿ ತಲುಪುವವರೆಗೆ ಒಯ್ಯಿರಿ. ಎಲ್ಲವೂ ಸಲೀಸಾಗಿ ಕೂತು, ವೀಲ್ ಹಬ್‌ಗೆ ಸಪಾಟಾಗಿ ಅಂಟಬೇಕು. ಮೂರು ಕೂತು ನಾಲ್ಕನೆಯದು ಗುಳಿ ಮುಟ್ಟುವ ಮೊದಲೇ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಆ ವೀಲ್ ಆ ಹಬ್‌ನದ್ದಲ್ಲ.

ಓಲಾಡುವ ತಲೆಯ ಬೋಲ್ಟ್‌ಗಳನ್ನು ಇದಕ್ಕೆ ಪರಿಹಾರ ಅಂತ ಮಾರುತ್ತಾರೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ಅವು ನುಂಗಿಕೊಳ್ಳುತ್ತವೆ, ಒಳ್ಳೆಯ ತಯಾರಿಯವು ಕೆಲಸವನ್ನೂ ಮಾಡುತ್ತವೆ. ಆದರೆ ನೀವು ಮೊದಲಿನಿಂದ ಕಟ್ಟುತ್ತಿರುವ ಕಾರಿನಲ್ಲಿ ಅವಕ್ಕೆ ಜಾಗ ಯಾಕೆ ಇರಬೇಕು? ಅಡಾಪ್ಟರ್ ಬಗ್ಗೆಯೂ ನನ್ನದು ಅದೇ ಪ್ರಶ್ನೆ. ಹಬ್‌ಗೆ ಒಂದು ಬಿಲ್ಲೆ ಬೋಲ್ಟ್ ಮಾಡಿ, ಅದರ ಮೇಲೆ ಬೇರೆ ಪಿಸಿಡಿಯ ಸ್ಟಡ್ ತಂದಾಗ ಆ ಬಿಲ್ಲೆಯ ದಪ್ಪ ಪೂರ್ತಿ ಆಫ್‌ಸೆಟ್‌ನಿಂದ ಕಳೆಯುತ್ತದೆ. ಆಫ್‌ಸೆಟ್ ಅಂದರೆ ವೀಲ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕೆ ಇರುವ ದೂರ; ಮಿಲಿಮೀಟರ್‌ನಲ್ಲಿ ಅದನ್ನು ಇಟಿ ಅಂತ ಬರೆಯುತ್ತಾರೆ. 20 ಮಿಲಿಮೀಟರ್ ಅಡಾಪ್ಟರ್ ಹಾಕಿದರೆ ಇಟಿ 38ರ ವೀಲ್ ಇಟಿ 18ರಂತೆ ನಿಲ್ಲುತ್ತದೆ. ಚಕ್ರ ಅಷ್ಟು ಹೊರಗೆ ಹೋಯಿತು. ಸ್ಟಿಯರಿಂಗ್‌ನ ಗುಣ ಬದಲಾಯಿತು, ಬೇರಿಂಗ್ ಮೇಲೆ ಎಳೆತ ಜಾಸ್ತಿಯಾಯಿತು. ಹೊಸ ಪಿಸಿಡಿಯೇ ಬೇಕೆಂದರೆ ಒಳ್ಳೆಯ ಮೆಷಿನ್ ಶಾಪ್‌ನಲ್ಲಿ ಹಬ್ ಮತ್ತು ಡಿಸ್ಕ್‌ಗೆ ಹೊಸ ತೂತು ಹಾಕಿಸುವುದು ಮೇಲು. ಹಬ್‌ನಲ್ಲಿ ಅದಕ್ಕೆ ಬೇಕಾದಷ್ಟು ಲೋಹ ಇದೆಯೇ, ಹೊಸ ತೂತು ಹಳೆಯದಕ್ಕೆ ತೀರಾ ಹತ್ತಿರ ಬರುತ್ತದೆಯೇ ಅಂತ ಅವರೇ ನೋಡಿ ಹೇಳಲಿ. ಕೆಲವು ವೀಲ್ ತಯಾರಕರು ತೂತಿಲ್ಲದ ವೀಲ್ ಇಟ್ಟುಕೊಂಡು, ಕೇಳಿದ ಪಿಸಿಡಿಗೆ ಕೊರೆದು ಕೊಡುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು.

ಮುಂದೆ ಒಂದು ಕಾರಿನ ಹಬ್, ಹಿಂದೆ ಇನ್ನೊಂದರ ಆಕ್ಸಲ್ ಹಾಕುವವರಿಗೆ ಒಂದು ಮಾತು. ಕಾರ್ಟೀನಾ ಹಬ್, ಎಸ್ಕಾರ್ಟ್ ಆಕ್ಸಲ್ ಆದರೆ ಚಿಂತೆ ಇಲ್ಲ, ಎರಡೂ 108. ಮುಂದೆ ಫೋರ್ಡ್, ಹಿಂದೆ ಮಾಜ್ದಾ ಆದರೆ ಒಂದು ಚಕ್ರವನ್ನು ಹಿಂದೆ ಮುಂದೆ ಬದಲಿಸುವ ಹಾಗಿಲ್ಲ, ಸ್ಟೆಪ್ನಿ ಒಂದೇ ಇದ್ದರೆ ಸಾಲದು. ನಾನಂತೂ ನಾಲ್ಕು ಮೂಲೆಗೂ ಒಂದೇ ಪಿಸಿಡಿ ಇರಲೇಬೇಕು ಅನ್ನುವವನು. ಅದಕ್ಕಾಗಿ ಡೋನರ್ ಅನ್ನೇ ಬದಲಿಸಬೇಕಾದರೂ ಸರಿ.

ನಡುವಿನ ಬೋರ್ ವಿಷಯ ಚಿಕ್ಕದು. ವೀಲ್‌ನ ಬೋರ್ ಹಬ್‌ಗಿಂತ ಚಿಕ್ಕದಾದರೆ ವೀಲ್ ಕೂರುವುದಿಲ್ಲ, ದೊಡ್ಡದಾದರೆ ನಡುವಿನ ಸಂದು ತುಂಬುವ ಸ್ಪಿಗಟ್ ರಿಂಗ್ ಹಾಕಿ. ಸಿಯೆರಾ ಹಬ್ 63.4, ಮೊದಲ ಎಂಎಕ್ಸ್-5ರದ್ದು 54.1.

ಆಫ್‌ಸೆಟ್ ಬಗ್ಗೆ ಮಾತ್ರ ಅವಸರ ಬೇಡ. ಕಿಟ್ ತಯಾರಕರು ಹೇಳುವ ಅಗಲ ಮತ್ತು ಇಟಿ ಅಂದಾಜಿನ ಮಾತಲ್ಲ, ಸಸ್ಪೆನ್ಷನ್‌ನ ಜ್ಯಾಮಿತಿ ಅದನ್ನು ನಂಬಿಕೊಂಡಿರುತ್ತದೆ. ಅಗಲ ಹೆಚ್ಚಿಸಿ ಇಟಿ ಹಾಗೇ ಬಿಟ್ಟರೂ ಚಕ್ರ ಎರಡೂ ಕಡೆಗೆ ಬೆಳೆಯುತ್ತದೆ. 6 ಇಂಚಿನಿಂದ 7 ಇಂಚಿಗೆ ಹೋದರೆ ಒಳಗೆ 12.7 ಮಿಲಿಮೀಟರ್, ಹೊರಗೆ 12.7. ಒಳಗಡೆ ಅಲ್ಲಿ ವಿಷ್‌ಬೋನ್ (ಸಸ್ಪೆನ್ಷನ್‌ನ ತೋಳು) ಇದೆ, ಶಾಕ್ ಅಬ್ಸಾರ್ಬರ್ ಇದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿ ನೋಡಬೇಕು. ನಾಲ್ಕು ಪಿಸ್ಟನ್‌ನ ದೊಡ್ಡ ಕ್ಯಾಲಿಪರ್ ಹಾಕುವವರು ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿ, ವೀಲ್‌ನ ಒಳಗೆ ಇಟ್ಟು ಸುತ್ತಿಸಿ ನೋಡಲಿ. ತಾಗುವುದು ಹೆಚ್ಚಾಗಿ ರಿಮ್‌ಗೆ ಅಲ್ಲ, ಸ್ಪೋಕ್‌ನ ಬೆನ್ನಿಗೆ.

ಇನ್ನು ಅಳತೆ. ಸುಮ್ನೆ 17 ಇಂಚಿನ ಚಕ್ರ ತರಬೇಡಿ. ಸೆವೆನ್ ಮಾದರಿಯ ಕಾರು 600 ಕಿಲೋ ಆಸುಪಾಸಿನದು. ಒಂದು ಟನ್ ತೂಗುವ ಕಾರಿಗೆ ಲೆಕ್ಕ ಹಾಕಿದ ಭಾರದ ವೀಲ್ ಇಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಪುಟಿಯುತ್ತದೆ, ಅದನ್ನು ಅದುಮಿ ಹಿಡಿಯಲು ಮೇಲೆ ತೂಕವೇ ಇಲ್ಲ. ಹಗುರವಾದ 13 ಅಥವಾ 15 ಇಂಚಿನ ವೀಲ್ ಈ ಕಾರುಗಳಿಗೆ ಒಪ್ಪುತ್ತದೆ. 195/50 ಆರ್15 ಟೈರಿನ ಒಟ್ಟು ವ್ಯಾಸ 576 ಮಿಲಿಮೀಟರ್, 185/60 ಆರ್13ರದ್ದು 552. ಗೇರಿಂಗ್ ಮತ್ತು ಸ್ಪೀಡೋಮೀಟರ್ ಎರಡೂ ಈ ಅಂಕಿಯನ್ನೇ ಕೇಳುತ್ತವೆ.

ನಟ್‌ಗಳನ್ನು ವೀಲ್ ಜೊತೆಗೇ ಕೊಳ್ಳಿ. ಫೋರ್ಡ್, ಮಾಜ್ದಾ, ಟೊಯೋಟಾಗಳಲ್ಲಿ ಸಾಮಾನ್ಯವಾಗಿ ಎಂ12×1.5 ಥ್ರೆಡ್, ನಿಸ್ಸಾನ್ ಮತ್ತು ಸುಬಾರುಗಳಲ್ಲಿ ಎಂ12×1.25. ಗುಳಿಯ ಆಕಾರ 60 ಡಿಗ್ರಿ ಓರೆಯೋ, ಗುಂಡೋ, ಸಪಾಟೋ ನೋಡಿ, ನಟ್ ಅದೇ ಆಕಾರದ್ದಿರಲಿ. ಅಲಾಯ್ ವೀಲ್ ಉಕ್ಕಿನದಕ್ಕಿಂತ ದಪ್ಪ, ಹಳೆಯ ಸ್ಟಡ್ ಗಿಡ್ಡವಾಗಬಹುದು. ನಟ್ ಒಳಗೆ ಸ್ಟಡ್‌ನ ದಪ್ಪದಷ್ಟಾದರೂ ಉದ್ದ ಥ್ರೆಡ್ ಹಿಡಿದಿರಬೇಕು. ಎಂ12×1.5ಕ್ಕೆ ಅದು ಎಂಟು ಸುತ್ತು. ಅಷ್ಟು ಸುತ್ತು ಬರದಿದ್ದರೆ ಉದ್ದದ ಸ್ಟಡ್ ಒತ್ತಿಸಿ, ಆಮೇಲೆ ಚಕ್ರ ಏರಿಸಿ. ಮೊದಲ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಹಬ್ ತಣ್ಣಗಾದಾಗ, ಪ್ರತಿ ನಟ್‌ಗೂ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ.