ಸರ್ಟಿಫಿಕೇಟ್ ಆಮೇಲೆ ಬರಲಿ, ಮೊದಲು ಆ ಹುಡುಗನಿಗೆ ಟೈಮ್ ಕೊಡಿ

ತುಮಕೂರಿನ ಡಿಗ್ರಿ ಕಾಲೇಜೊಂದರಲ್ಲಿ ಬಿಕಾಂ ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಪರೀಕ್ಷೆಯ ಪೇಪರ್ ತಿದ್ದುವಾಗ ಸ್ಟಾಫ್ ರೂಮಿನಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: "ಕ್ಲಾಸಲ್ಲಿ ಚೆನ್ನಾಗೇ ಉತ್ತರ ಹೇಳ್ತಾನೆ, ಪೇಪರ್‌ನಲ್ಲಿ ಏನೂ ಇಲ್ಲ. ಸೋಮಾರಿ." ಬಾಯಲ್ಲಿ ಸರಿಯಾಗಿ ಹೇಳುವ ಹುಡುಗ ಕಾಗದದ ಮೇಲೆ ಯಾಕೆ ಸೋಲುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳುವುದು ಕಾಲೇಜಿನ ಕೆಲಸ. ಹುಡುಗನೇ ಆಸ್ಪತ್ರೆ ಸುತ್ತಿ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ತರಲಿ, ಆಮೇಲೆ ನೋಡೋಣ ಅನ್ನುವುದು ತಲೆಕೆಳಗಾದ ಕ್ರಮ.

ಕಲಿಕಾ ನ್ಯೂನತೆ ಅಂದ ತಕ್ಷಣ ಬುದ್ಧಿ ಕಮ್ಮಿ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಡಿಸ್ಲೆಕ್ಸಿಯಾದಲ್ಲಿ ಓದು ಕಷ್ಟ, ಡಿಸ್ಗ್ರಾಫಿಯಾದಲ್ಲಿ ಬರವಣಿಗೆ ಕಷ್ಟ, ಡಿಸ್ಕ್ಯಾಲ್ಕುಲಿಯಾದಲ್ಲಿ ಅಂಕಿಗಳ ಜೊತೆ ಕಷ್ಟ. ಬುದ್ಧಿ ಎಲ್ಲರ ಹಾಗೇ ಇರುತ್ತದೆ. ಹತ್ತನೇ ಕ್ಲಾಸು ಮುಗಿದರೆ ಇದೂ ಮುಗಿಯುತ್ತದೆ ಅನ್ನುವುದೂ ಸುಳ್ಳು. ಓದಬೇಕಾದದ್ದು ಹೆಚ್ಚಾದ ಹಾಗೆ ಕಷ್ಟವೂ ಎದ್ದು ಕಾಣುತ್ತದೆ.

ನಮ್ಮ ಸಬ್ಜೆಕ್ಟಿನಿಂದಲೇ ಒಂದು ಉದಾಹರಣೆ ಹೇಳುತ್ತೇನೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಸಮ ಇದೆಯಾ ಅಂತ ನೋಡುವ ಪಟ್ಟಿ, ತಾಳೆಯಾಗದಿದ್ದಾಗ ವ್ಯತ್ಯಾಸ 9ರಿಂದ ಭಾಗವಾಗುತ್ತದಾ ನೋಡಿ ಅಂತ ನಾವೇ ಕಲಿಸುತ್ತೇವೆ. ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಇದೆ. 5,640 ಇರಬೇಕಾದ ಕಡೆ 5,460 ಬರೆದರೆ ವ್ಯತ್ಯಾಸ 180. ಯಾವುದು ಡೆಬಿಟ್, ಯಾವುದು ಕ್ರೆಡಿಟ್ ಅನ್ನುವುದು ಆ ವಿದ್ಯಾರ್ಥಿಗೆ ಪೂರ್ತಿ ಗೊತ್ತಿರುತ್ತದೆ. ಲೆಡ್ಜರಿಗೆ ಇಳಿಸುವಾಗ ಅಂಕಿ ಜಾಗ ಬದಲಿಸುತ್ತದೆ, ಕೊನೆಗೆ ಲೆಕ್ಕ ಕೂಡುವುದಿಲ್ಲ. ಒಂದು ಸಲ ಹೀಗಾದರೆ ಅವಸರ. ಎಲ್ಲರಿಗೂ ಆಗುತ್ತದೆ. ಪ್ರತಿ ಪೇಪರಿನಲ್ಲೂ, ಪ್ರತಿ ಲೆಕ್ಕದಲ್ಲೂ ಹೀಗೇ ಆದರೆ ಮೇಷ್ಟ್ರಾದವರು ಕೆಂಪು ಗೆರೆ ಎಳೆದು ಸುಮ್ಮನಾಗಬಾರದು. ಇದೇ ಡಿಸ್ಕ್ಯಾಲ್ಕುಲಿಯಾ ಅಂತ ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ತಜ್ಞರು. ಆದರೆ ಅವರ ಹತ್ತಿರ ಕಳಿಸಬೇಕಾದವರು ನಾವು, ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಪಾವಗಡ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಡಿಗ್ರಿಗೆ ಬಂದರೆ ಇಂಗ್ಲಿಷ್. ತುಮಕೂರು ಟೌನಿನಲ್ಲಿ ಉರ್ದು ಮನೆಮಾತಿನವರೂ ಬಹಳ. ಇವರು ತಡವರಿಸಿದಾಗ "ಕನ್ನಡ ಮೀಡಿಯಂ ಅಲ್ವಾ, ಇಂಗ್ಲಿಷ್ ಬರಲ್ಲ" ಅಂತ ಮುಗಿಸಿಬಿಡುತ್ತೇವೆ. ನಿಜ, ಬಹಳಷ್ಟು ಮಕ್ಕಳ ತೊಂದರೆ ಅಷ್ಟೇ. ಆದರೆ ಹೀಗೆ ತಡವರಿಸುವ ಒಬ್ಬ ಹುಡುಗಿಯ ಕೈಗೆ ಕನ್ನಡದ ಒಂದು ಪುಟ ಕೊಟ್ಟು ನೋಡಿ. ಕನ್ನಡ ಬರೆದ ಹಾಗೇ ಓದುವ ಭಾಷೆ. ಅದಕ್ಕೇ ತಪ್ಪು ಜಾಸ್ತಿ ಆಗದೇ ಇರಬಹುದು, ಆದರೆ ಓದು ತೆವಳುತ್ತದೆ. ಒತ್ತಕ್ಷರ ಬಂದ ಕಡೆ ನಿಲ್ಲುತ್ತಾಳೆ, ಸಾಲು ತಪ್ಪುತ್ತಾಳೆ, ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಶಾಲೆಯಲ್ಲಿ ಇಷ್ಟು ವರ್ಷ ಓದಿದ ಭಾಷೆಯಲ್ಲೂ ಹೀಗಾದರೆ ಇಂಗ್ಲಿಷ್ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಪರೀಕ್ಷಿಸುವ ಸಾಧನದ್ದೂ ಒಂದು ಸಮಸ್ಯೆ. ಕಲಿಕಾ ನ್ಯೂನತೆ ಗುರುತಿಸಲು 2018ರ ಕೇಂದ್ರದ ಮಾರ್ಗಸೂಚಿ ಹೆಸರಿಸಿದ್ದು ನಿಮ್ಹಾನ್ಸ್ ಬ್ಯಾಟರಿಯನ್ನು, ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷೆಗಳ ಗುಚ್ಛವನ್ನು. ಒಳ್ಳೆಯ ಸಾಧನವೇ, ಆದರೆ ರೂಪಿಸಿದ್ದು ಶಾಲಾ ಮಕ್ಕಳಿಗೆ. ಅದರ ಮೇಲಿನ ಹಂತವೇ ಏಳನೇ ಕ್ಲಾಸಿನವರೆಗಿನದು. ಹನ್ನೆರಡು ವರ್ಷ ಓದಿ, ಬಾಯಿಪಾಠ ಮಾಡಿ, ತನ್ನದೇ ಉಪಾಯಗಳಿಂದ ಪಿಯುಸಿ ದಾಟಿದ ವಿದ್ಯಾರ್ಥಿ ಆ ಮಟ್ಟದ ಪಾಠವನ್ನು ಹೇಗೋ ಓದಿಬಿಡಬಹುದು. ಆಮೇಲೆ ಐವತ್ತು ಪುಟದ ಕಂಪನಿ ಲಾ ಮುಂದೆ ಮುಗ್ಗರಿಸುತ್ತಾನೆ. ಕಾಲೇಜು ವಯಸ್ಸಿನವರಿಗೆ ಕನ್ನಡ, ತೆಲುಗು, ಉರ್ದುವಿನಲ್ಲಿ, ಓದಿನ ವೇಗವನ್ನೂ ಅಳೆಯುವ ಪರೀಕ್ಷೆ ಬೇಕು. ನಮ್ಮ ವಿಶ್ವವಿದ್ಯಾಲಯಗಳು ಕೈಹಾಕಬೇಕಾದ ಕೆಲಸ ಇದು.

ಇನ್ನು ಪರೀಕ್ಷೆ ಮಾಡಿಸಲು ಹೋಗುವ ದಾರಿಯ ಮಾತು. ಹಳ್ಳಿಯ ಅಪ್ಪ ಅಮ್ಮನಿಗೆ ನಿಮ್ಹಾನ್ಸ್ ಅಂದರೆ ಇವತ್ತಿಗೂ ಹುಚ್ಚಾಸ್ಪತ್ರೆ. "ನನ್ನ ಮಗನಿಗೇನು ಹುಚ್ಚಾ?" ಅಂತ ತಂದೆ ಕೇಳಿದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿ ಬರಬೇಕು ಅವರು. ಮಗಳಾದರೆ ಇನ್ನೂ ಕಷ್ಟ. ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ ಅನ್ನುವ ಹೆದರಿಕೆ. ಫೇಲಾಗಿ ಬಾಕಿ ಉಳಿದ ಪೇಪರು, ಅಂದರೆ ಬ್ಯಾಕ್‌ಲಾಗ್, ಎರಡು ಮೂರು ಸೇರಿದರೆ ಓದು ನಿಲ್ಲುತ್ತದೆ, ಮದುವೆ ಮಾತು ಶುರುವಾಗುತ್ತದೆ. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕಾನೂನಂತೂ ನಮ್ಮ ಕಾಲೇಜುಗಳಿಗಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯ ಪ್ರತಿ ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಅಂತ 2018ರ ಪರೀಕ್ಷಾ ಮಾರ್ಗಸೂಚಿಯೇ ಹೇಳಿತ್ತು. ಮೂರು ಗಂಟೆಯ ಪೇಪರಿಗೆ ಪೂರ್ತಿ ಒಂದು ಗಂಟೆ. ಶೇ. 40ರಷ್ಟು ನ್ಯೂನತೆ ಇದ್ದರೆ ಮಾತ್ರ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ, ಡಿಸ್ಗ್ರಾಫಿಯಾ ಇದ್ದ ನೀಟ್ ವಿದ್ಯಾರ್ಥಿನಿಗೆ ಆ ಒಂದು ಗಂಟೆ ಕೊಡದೇ ಇದ್ದದ್ದು ತಪ್ಪು ಅಂತಲೂ ಹೇಳಿತು.

ಸೆಮಿಸ್ಟರ್ ಪರೀಕ್ಷೆಗೆ ವಿಶ್ವವಿದ್ಯಾಲಯ ಸರ್ಟಿಫಿಕೇಟ್ ಕೇಳುತ್ತದೆ, ಸರಿ. ಆದರೆ ಇಂಟರ್ನಲ್ಸ್ ನಮ್ಮ ಕೈಯಲ್ಲೇ ಇದೆಯಲ್ಲ! ಅಲ್ಲಿ ಅರ್ಧ ಗಂಟೆ ಜಾಸ್ತಿ ಕೊಟ್ಟರೆ, ಅಸೈನ್‌ಮೆಂಟ್ ಬಾಯಲ್ಲಿ ಹೇಳಿಸಿದರೆ, ಪಾಠ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟರೆ ಯಾರ ಗಂಟು ಹೋಗುತ್ತದೆ? ಬೇರೆ ಮಕ್ಕಳಿಗೆ ಅನ್ಯಾಯ ಅನ್ನುವವರಿದ್ದಾರೆ. ಪ್ರಶ್ನೆಪತ್ರಿಕೆ ಅದೇ, ಉತ್ತರವೂ ಅದೇ ಬೇಕು. ವೇಗ ಅಳೆಯುವುದಿದ್ದರೆ ಆ ಮಾತು ಬೇರೆ, ನಾವು ಅಳೆಯಬೇಕಾದ್ದು ಅಕೌಂಟ್ಸ್.

ನೋಟ್ಸ್ ಬಗ್ಗೆಯೂ ಒಂದು ಮಾತು. ಕನ್ನಡ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಈಗ ಫೋನಿನಲ್ಲೇ ಇದೆ. ಆದರೆ ನಾವು ಕೊಡುವ ನೋಟ್ಸ್ ಹಳೆಯ ನುಡಿ ಫಾಂಟಿನದ್ದು, ಇಲ್ಲವೇ ಜೆರಾಕ್ಸಿನ ಜೆರಾಕ್ಸು. ಹಳೆಯ ನುಡಿಯ ಅಕ್ಷರ ಫೋನಿಗೆ ಅರ್ಥವಾಗುವುದಿಲ್ಲ, ಏನೇನೋ ಉಲಿಯುತ್ತದೆ. ಎಲ್ಲ ಫೋನಿಗೂ ಅರ್ಥವಾಗುವ ಯೂನಿಕೋಡಿನಲ್ಲಿ ಟೈಪ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ. ಬಸ್ಸಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.

ಪೋಷಕರಿಗೆ, ವಿದ್ಯಾರ್ಥಿಗಳಿಗೆ: ಬಾಯಿಮಾತಲ್ಲಿ ಕೇಳಬೇಡಿ. ಹೆಚ್ಚು ಸಮಯ ಬೇಕು ಅಂತ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಜೊತೆಜೊತೆಗೇ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿಗೆ) ಆನ್‌ಲೈನಿನಲ್ಲಿ ಅರ್ಜಿ ಹಾಕಿ. 18 ತುಂಬಿದ ಮೇಲೆ ಕೊಟ್ಟ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ ಅಂತ 2018ರ ಮಾರ್ಗಸೂಚಿಯಲ್ಲೇ ಇತ್ತು. ಅರ್ಜಿ ಬರೆಯುವುದೇ ಕಷ್ಟವಾದರೆ ನನಗೆ ಮೆಸೇಜ್ ಮಾಡಿ, ವಾಯ್ಸ್ ಮೆಸೇಜ್ ಆದರೂ ಸರಿ. ಕೂತು ಬರೆದುಕೊಡುತ್ತೇನೆ.